ದಿನಕ್ಕೆ ಎಂಟಾಣೆ

ಹೋದ ಭಾನುವಾರ ನನಗೆ ದಂಡ ಬಿತ್ತು. ಐದೂವರೆ ರೂಪಾಯಿ. ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಿಂದ ತಂದ ಪುಸ್ತಕವನ್ನು ಹನ್ನೊಂದು ದಿನ ತಡವಾಗಿ ವಾಪಸ್ ಕೊಡಲು ಹೋಗಿದ್ದೆ. ದಿನಕ್ಕೆ ಎಂಟಾಣೆ ಅಂತೆ. ಎಂಟಾಣೆ ಕಣ್ಣಿಗೆ ಬಿದ್ದು ಎಷ್ಟು ವರ್ಷ ಆಯಿತೋ, ಆದರೆ ನಮ್ಮ ಮೇಲ್ವಿಚಾರಕರ ಲೆಕ್ಕದಲ್ಲಿ ಅದು ಇನ್ನೂ ಚಲಾವಣೆಯಲ್ಲಿದೆ.

"ಆರು ರೂಪಾಯಿ ತಗೊಂಡುಬಿಡಿ," ಅಂದೆ.

"ಐವತ್ತು ಪೈಸೆ ಜಾಸ್ತಿ ತಗೊಂಡ್ರೆ ಆಡಿಟ್‌ನೋರಿಗೆ ಏನಂತ ಹೇಳ್ಲಿ ಸರ್? ಒಂದು ಕೆಲಸ ಮಾಡಿ. ಪುಸ್ತಕ ಇನ್ನೊಂದು ದಿನ ಇಟ್ಕೊಳ್ಳಿ. ಆರಕ್ಕೆ ಸರಿಹೋಗುತ್ತೆ."

ಮರುದಿನ ಸೋಮವಾರ, ಗ್ರಂಥಾಲಯಕ್ಕೆ ರಜೆ. ಮಂಗಳವಾರ ಹೋದರೆ ಹದಿಮೂರು ದಿನ, ಆರೂವರೆ ರೂಪಾಯಿ. ಮತ್ತೆ ಅದೇ ಎಂಟಾಣೆ. ಬುಧವಾರವೇ ಗತಿ ಅಂದುಕೊಂಡು ಮನೆಗೆ ಬಂದೆ.

ಹೊಟ್ಟೆಯುರಿಗೆ ಆಸ್ತಿ ತೆರಿಗೆಯ ರಸೀದಿ ತೆಗೆದು ಕೂತೆ. ಬೆಂಗಳೂರಿನ ರಸೀದಿಯಲ್ಲಿ ತೆರಿಗೆಯ ಕೆಳಗೆ ಸೆಸ್ ಅಂತ ಒಂದು ಸಾಲು ಇರುತ್ತೆ, ನೋಡಿರುತ್ತೀರಿ. ಬಿಡಿಸಿ ನೋಡಿದರೆ ಅದರೊಳಗೆ ಒಂದು ಕೂಡು ಕುಟುಂಬವೇ ಇದೆ. ತೆರಿಗೆಯ ಪ್ರತಿ ನೂರು ರೂಪಾಯಿಗೆ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಗ್ರಂಥಾಲಯದ ಪಾಲು ಇವತ್ತಿನದಲ್ಲ, 1965ರ ಗ್ರಂಥಾಲಯ ಕಾಯ್ದೆಯ ಕೊಡುಗೆ. ಪಾಲಿಕೆ ವಸೂಲಿ ಮಾಡಬೇಕು, ಗ್ರಂಥಾಲಯ ಇಲಾಖೆಗೆ ಕೊಡಬೇಕು. ಇಷ್ಟೇ ನಿಯಮ. ಮೊದಲ ಅರ್ಧವನ್ನು ಪಾಲಿಕೆ ಚಾಚೂ ತಪ್ಪದೆ ಪಾಲಿಸುತ್ತೆ. ನಾನು ಕಟ್ಟೋದು ತಡವಾದರೆ ಬಡ್ಡಿ ಸಮೇತ ಪಾಲಿಸುತ್ತೆ.

ಎರಡನೇ ಅರ್ಧದ ಕಥೆ ಬೇರೆ. ಬೆಂಗಳೂರು ಪಾಲಿಕೆ ಗ್ರಂಥಾಲಯಗಳಿಗೆ ಕೊಡಬೇಕಾದ ಬಾಕಿ ನೂರಾರು ಕೋಟಿ ಅಂತ ಪತ್ರಿಕೆಗಳಲ್ಲಿ ಎಷ್ಟೋ ಸಲ ಬಂದಿದೆ. ಆ ಸುದ್ದಿಯನ್ನು ನಾನು ಓದಿದ್ದೂ ಗ್ರಂಥಾಲಯದಲ್ಲೇ. ಈಗ ನಮ್ಮ ಶಾಖೆಗೆ ಮೊದಲಿನಷ್ಟು ಪತ್ರಿಕೆ ಬರೋದಿಲ್ಲ. ಬಿಲ್ ಕಟ್ಟೋಕೆ ದುಡ್ಡಿಲ್ಲವಂತೆ. ಹಾಗಾಗಿ ದುಡ್ಡು ಯಾಕಿಲ್ಲ ಅನ್ನೋ ಸುದ್ದಿಯೂ ಅಲ್ಲಿ ಸಿಗೋದಿಲ್ಲ. ಎಷ್ಟು ಅಚ್ಚುಕಟ್ಟು ವ್ಯವಸ್ಥೆ ನೋಡಿ.

ನನ್ನ ದಂಡದ ಲೆಕ್ಕವನ್ನೇ ಪಾಲಿಕೆಗೂ ಹಚ್ಚಿ ನೋಡೋಣ. ಹತ್ತು ವರ್ಷದ ಹಿಂದೆ ನಾನು ಕಟ್ಟಿದ ಗ್ರಂಥಾಲಯ ಸೆಸ್‌ನಲ್ಲಿ ಒಂದೇ ಒಂದು ರೂಪಾಯಿ ಅವರ ಹತ್ತಿರ ಉಳಿದಿದೆ ಅಂತಿಟ್ಟುಕೊಳ್ಳಿ. ದಿನಕ್ಕೆ ಎಂಟಾಣೆಯಂತೆ 3,650 ದಿನಕ್ಕೆ 1,825 ರೂಪಾಯಿ. ಅಧಿಕ ವರ್ಷದ ದಿನಗಳನ್ನು ಬಿಟ್ಟುಕೊಟ್ಟಿದ್ದೇನೆ, ನಾನೇನು ಮೇಲ್ವಿಚಾರಕರಷ್ಟು ಕಟ್ಟುನಿಟ್ಟಲ್ಲ. ಇದು ಒಂದು ರೂಪಾಯಿಯ ಮಾತು. ನೂರಾರು ಕೋಟಿಗೆ ಲೆಕ್ಕ ಹಾಕಲು ಹೋದೆ, ನನ್ನ ಕ್ಯಾಲ್ಕುಲೇಟರ್‌ನಲ್ಲಿ ಜಾಗ ಸಾಲಲಿಲ್ಲ.

ವಸೂಲಿಗೆ ಹೋಗೋದು ಯಾರ ಮನೆಗೆ ಅನ್ನೋದೂ ಈಗ ಕಗ್ಗಂಟು. 2025ರ ಸೆಪ್ಟೆಂಬರ್‌ನಲ್ಲಿ ಹಳೇ ಪಾಲಿಕೆ ಹೋಗಿ ಐದು ಪಾಲಿಕೆ ಆದವು. ಹಿಂದೆ ಪುಸ್ತಕ ಒಯ್ದವರು ಊರು ಬಿಟ್ಟರೆ ಮೇಲ್ವಿಚಾರಕರು ತಲೆ ಕೆರೆದುಕೊಳ್ಳುತ್ತಿದ್ದರು. ಇಲ್ಲಿ ಒಯ್ದವರು ಊರಲ್ಲೇ ಇದ್ದಾರೆ, ಐದು ಜನ ಆಗಿದ್ದಾರೆ ಅಷ್ಟೇ.

ರಸೀದಿಯಲ್ಲಿ ಗ್ರಂಥಾಲಯದ ಪಕ್ಕದಲ್ಲೇ ಭಿಕ್ಷುಕರನ್ನು ಕೂರಿಸಿದ್ದಾರಲ್ಲ, ಅದರಲ್ಲಿ ಏನೋ ದೂರದೃಷ್ಟಿ ಇರಬೇಕು. ತನ್ನದೇ ದುಡ್ಡಿಗೆ ಪಾಲಿಕೆಯ ಬಾಗಿಲಲ್ಲಿ ಪತ್ರ ಹಿಡಿದು ನಿಲ್ಲುವ ಇಲಾಖೆ ಆರರ ಲೆಕ್ಕಕ್ಕೆ ಸೇರುತ್ತೋ, ಮೂರರ ಲೆಕ್ಕಕ್ಕೋ? ಎರಡನ್ನೂ ಕೂಡಿಸಿ ಒಂಬತ್ತು ಮಾಡಿದರೆ ಕಾಗದವಾದರೂ ಉಳಿಯುತ್ತೆ. ಅಂದಹಾಗೆ, ಭಿಕ್ಷುಕರ ಪಾಲನ್ನೂ ಪಾಲಿಕೆ ಬಾಕಿ ಇಟ್ಟುಕೊಂಡ ಸುದ್ದಿ ಬಂದಿದೆ. ಭೇದಭಾವ ಮಾಡಿಲ್ಲ, ಪಾಪ.

"ಈಗೆಲ್ಲಾ ಡಿಜಿಟಲ್ ಕಣ್ರೀ, ಗೋಡೆ ಕುರ್ಚಿ ಯಾಕೆ ಬೇಕು?" ಅನ್ನುವವರಿದ್ದಾರೆ. ಇದೆ, 2020ರಲ್ಲಿ ಶುರುವಾದ ಸರ್ಕಾರಿ ಡಿಜಿಟಲ್ ಗ್ರಂಥಾಲಯ ಇದೆ. ನಾನೂ ಸದಸ್ಯ. ಸದಸ್ಯರ ಲೆಕ್ಕ ಕೋಟಿ ದಾಟಿದೆ. ಕಚೇರಿಗಳಿಗೆ ಇಂಥ ಸದಸ್ಯರನ್ನು ಕಂಡರೆ ಬಲು ಇಷ್ಟ. ಇವರು ಕುರ್ಚಿ ಕೇಳೋದಿಲ್ಲ, ಫ್ಯಾನ್ ಕೇಳೋದಿಲ್ಲ, ಶೌಚಾಲಯದ ಬೀಗದ ಕೈಯಂತೂ ಕೇಳೋದೇ ಇಲ್ಲ. ಆದರೆ ನಮ್ಮ ಶಾಖೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೆಪಿಎಸ್‌ಸಿಗೆ ಓದುವ ಹುಡುಗರು ಬರುವುದೇ ಆ ಕುರ್ಚಿಗೋಸ್ಕರ. ಬಾಡಿಗೆಯ ಒಂದೇ ಕೋಣೆಯಲ್ಲಿ ನಾಲ್ಕು ಜನ ಇರುವವರು. ಪುಸ್ತಕವನ್ನು ಅವರೇ ತರುತ್ತಾರೆ, ನೀರಿನ ಬಾಟಲಿಯನ್ನೂ. ಒಬ್ಬ ಹುಡುಗ ದಿಂಬನ್ನೂ ತರುತ್ತಾನೆ. ಕುರ್ಚಿಯ ಹೆಣಿಗೆ ಹರಿದಿದೆ.

ಗ್ರಂಥಾಲಯಕ್ಕೂ ಶಾಸ್ತ್ರ ಉಂಟು ಅಂತ ದೇಶಕ್ಕೆ ಕಲಿಸಿದ ಎಸ್. ಆರ್. ರಂಗನಾಥನ್ ಕೊನೆಯುಸಿರೆಳೆದದ್ದು ಇದೇ ಬೆಂಗಳೂರಿನಲ್ಲಿ, 1972ರಲ್ಲಿ. ಗ್ರಂಥಾಲಯ ಅಂದರೆ ಬೆಳೆಯುವ ಜೀವಿ ಅಂದಿದ್ದರು ಅವರು. ಜೀವಿ ಅಂದಮೇಲೆ ಅನ್ನ ಬೇಕಲ್ವಾ? ಅದನ್ನು ಬಡಿಸುವವರೇ ತಿಂದು ಕೈ ತೊಳೆದುಕೊಂಡರೆ ಯಾವ ಶಾಸ್ತ್ರ ತಾನೇ ಏನು ಮಾಡೀತು?

ಬುಧವಾರ ಹೋಗಿ ಏಳು ರೂಪಾಯಿ ಕಟ್ಟಿದೆ. ಮೇಲ್ವಿಚಾರಕರು ನಾಣ್ಯಗಳನ್ನು ಎರಡು ಸಲ ಎಣಿಸಿ, ಡ್ರಾಯರ್‌ಗೆ ಹಾಕಿ, ಬೀಗ ಹಾಕಿದರು. ರಸೀದಿ ಪುಸ್ತಕ ಖಾಲಿಯಾಗಿತ್ತು. ಹಳೇ ಕ್ಯಾಟಲಾಗ್ ಕಾರ್ಡಿನ ಹಿಂಬದಿಯಲ್ಲಿ ಬರೆದು ಸೀಲ್ ಒತ್ತಿಕೊಟ್ಟರು.

"ಅಲ್ಲಾ ಸರ್, ಪಾಲಿಕೆಯವರೂ ಹೀಗೇ ತಡ ಮಾಡಿದ್ದಾರಲ್ಲ. ಅವರ ಹತ್ರ ಎಷ್ಟು ದಂಡ ತಗೋತೀರಿ?" ಅಂತ ಕೇಳಿದೆ.

ಅವರು ನಗಲಿಲ್ಲ. ರಿಜಿಸ್ಟರ್ ತೆಗೆದು, ಬೆರಳಿಗೆ ಉಗುಳು ಹಚ್ಚಿ ನಾಲ್ಕು ಪುಟ ತಿರುವಿ ಹಾಕಿದರು.

"ಅವ್ರು ಡಿಪಾಸಿಟ್ಟೇ ಇಟ್ಟಿಲ್ವಲ್ಲ ಸರ್," ಅಂದರು. "ಡಿಪಾಸಿಟ್ ಇಲ್ದೆ ನಾವು ಯಾರಿಗೂ ಏನೂ ಕೊಡಲ್ಲ."