ಧೂಳಿಗೂ ಕಾಸು, ಮಳೆಗೂ ಕಾಸು

ಧೂಳು ಮಾರಿದ ಕಂಪನಿಗೆ 5,500 ಕೋಟಿ ಡಾಲರ್ ಬೆಲೆ ಬಂತು. 2025ರ ಸೆಪ್ಟೆಂಬರ್ ಕೊನೆಯ ಸುದ್ದಿ, ನೀವೂ ಓದಿದ್ದೀರಿ. ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಗೇಮ್ ಕಂಪನಿಯನ್ನು ಕೊಳ್ಳಲು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ, ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆ ಮತ್ತು ಟ್ರಂಪ್ ಅಳಿಯ ಜರೆಡ್ ಕುಶ್ನರ್ ಅವರ ಕಂಪನಿ ಸೇರಿ ಒಪ್ಪಂದ ಮಾಡಿಕೊಂಡವು. ಅದರಲ್ಲಿ 2,000 ಕೋಟಿ ಡಾಲರ್ ಸಾಲದ್ದು. ಮರಳುಗಾಡಿನವರಿಗೇ ಧೂಳು ಮಾರಿದ ಜಾಣರಿಗೆ ಒಂದು ಶಾಲು ಹೊದಿಸಿ ಫಲತಾಂಬೂಲ ಕೊಡಲೇಬೇಕು.

ಧೂಳು ಅಂದರೆ ನಿಜವಾಗಿಯೂ ಧೂಳೇ. 'ದಿ ಸಿಮ್ಸ್ 4' ಎಂಬ ಜೀವನದ ಆಟಕ್ಕೆ ಇದೇ ಕಂಪನಿ 2021ರಲ್ಲಿ 'ಬಸ್ಟ್ ದ ಡಸ್ಟ್' ಅಂತ ಒಂದು ಕಿಟ್, ಅಂದರೆ ಆಟಕ್ಕೆ ಸೇರಿಸುವ ಪುಟ್ಟ ಬಿಡಿ ಸರಕು, ಬಿಟ್ಟಿತು. ಬೆಲೆ ಆಗ 5 ಡಾಲರ್. ಕೊಂಡರೆ ಏನು ಸಿಗುತ್ತದೆ? ನಿಮ್ಮ ಮನೆಯಲ್ಲಿ ಧೂಳು ಕೂರುತ್ತದೆ. ಗುಡಿಸೋಕೆ ವ್ಯಾಕ್ಯೂಮ್ ಕ್ಲೀನರ್ ಬರುತ್ತದೆ, ಅದನ್ನು ಆಟದೊಳಗಿನ ದುಡ್ಡು ಕೊಟ್ಟು ಇನ್ನೊಮ್ಮೆ ಕೊಳ್ಳಬೇಕು. ಜನ ಕೊಂಡರು. ಕೊಂಡ ಮೇಲೆ ದೂರು ಶುರುವಾಯಿತು. ಧೂಳು ತೀರಾ ಜಾಸ್ತಿ ಬೀಳುತ್ತಿದೆ, ಗುಡಿಸಿ ಸಾಕಾಯಿತು ಅಂತ. ಕಂಪನಿ ಪ್ಯಾಚ್ ಎಂಬ ತಿದ್ದುಪಡಿ ಕೊಟ್ಟು ಧೂಳು ಕಡಿಮೆ ಮಾಡಿತು. ದುಡ್ಡು ಕೊಟ್ಟು ಧೂಳು ತರಿಸಿಕೊಂಡು, ಆಮೇಲೆ ಕಡಿಮೆ ಮಾಡಿ ಸ್ವಾಮಿ ಅಂತ ಅರ್ಜಿ ಹಾಕುವ ಗಿರಾಕಿ ಸಿಕ್ಕರೆ ಯಾವ ವ್ಯಾಪಾರಿ ಬಿಟ್ಟಾನು? ಬೆಂಗಳೂರಿನಲ್ಲಿ ಇದೇ ಸೇವೆ ಪುಕ್ಕಟೆ. ಮೆಟ್ರೊ ಕಾಮಗಾರಿ ಪಕ್ಕ ಮನೆ ಮಾಡಿದರೆ ಸಾಕು.

ಇರಲಿ. ಈ ಆಟವನ್ನು ಹೊಸದಾಗಿ ಶುರು ಮಾಡುವವರಿಗೆ ನಾಲ್ಕು ಹಿತವಚನ ಹೇಳೋಣ ಅಂತ ಕೂತಿದ್ದೇನೆ. "ಮಾಮ, ಆಟ ಫ್ರೀ" ಎಂದು ತಂಗಿಯ ಮಗಳು ಹೇಳಿದಳು. ಮಗು ಸುಳ್ಳು ಹೇಳಿಲ್ಲ. 2014ರಲ್ಲಿ ದುಡ್ಡಿಗೆ ಬಂದ ಆಟ 2022ರ ಅಕ್ಟೋಬರ್ 18ರಿಂದ ಎಲ್ಲರಿಗೂ ಉಚಿತ. ಮನುಷ್ಯ ಉಚಿತ, ಮನೆ ಉಚಿತ, ಹಸಿವು ನಿದ್ದೆ ಮೂತ್ರ ಎಲ್ಲ ಉಚಿತ. ಮಳೆ ಬೇಕಾ? 'ಸೀಸನ್ಸ್' ಪ್ಯಾಕ್ ಕೊಳ್ಳಿ, 40 ಡಾಲರ್. ಏನೂ ಕೊಳ್ಳದವರ ಊರಿನಲ್ಲಿ ಒಂದು ಹನಿ ಬೀಳಲ್ಲ. ವರ್ಷಪೂರ್ತಿ ಬಿಸಿಲು, ಆದರೂ ಹುಲ್ಲು ಹಸಿರು. ನಮ್ಮ ಕೃಷಿ ಇಲಾಖೆಯವರು ಒಮ್ಮೆ ಹೋಗಿ ನೋಡಿಕೊಂಡು ಬರಬಹುದು. ಅಧ್ಯಯನ ಪ್ರವಾಸಕ್ಕೆ ಇದೂ ಒಂದು ಕಾರಣ ಆದೀತು.

ಬಟ್ಟೆ ಕೊಳೆಯಾಗಬೇಕಾ? ಅದಕ್ಕೊಂದು ಲಾಂಡ್ರಿ ಪ್ಯಾಕ್. ನಾಯಿ ಬೆಕ್ಕು ಸಾಕಬೇಕಾ? ಅದು ಬೇರೆ, ಮತ್ತೆ 40. ಆ ನಾಯಿಗೆ ಅಂಗಿ ಹಾಕಬೇಕಾ? 2018ರಲ್ಲಿ ಅದಕ್ಕೂ ಒಂದು ಬಿಡಿ ಪ್ಯಾಕ್ ಬಂತು. ನಾಯಿಯ ಪ್ಯಾಕ್ ಇಲ್ಲದೆ ಅಂಗಿಯ ಪ್ಯಾಕ್ ಕೊಂಡರೆ ಅಂಗಿಯೂ ಇಲ್ಲ, ನಾಯಿಯೂ ಇಲ್ಲ. ಬಂದದ್ದರಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿ, ಒಂದಿಷ್ಟು ಸಾಮಾನು ಮಾತ್ರ ಉಳಿಯುತ್ತವೆ. ಕಾಲೇಜು ಪ್ಯಾಕ್ ಒಂದಿದೆ, ಅದರಲ್ಲಿ ಶೈಕ್ಷಣಿಕ ಸಾಲವೂ ಸೇರಿದೆ. ನಲವತ್ತು ಡಾಲರ್ ಕೊಟ್ಟು ಸಾಲ ಕೊಳ್ಳುವ ಭಾಗ್ಯ ನಮ್ಮ ಬ್ಯಾಂಕುಗಳೂ ಇನ್ನೂ ಕೊಟ್ಟಿಲ್ಲ. ಕೊಟ್ಟರೆ ಅದಕ್ಕೆ ಪ್ರೊಸೆಸಿಂಗ್ ಫೀ ಅಂತ ಹೆಸರು ಇಡುತ್ತಾರೆ, ಅಷ್ಟೇ. ಎಲ್ಲ ಪ್ಯಾಕುಗಳನ್ನೂ ಪೂರ್ತಿ ಬೆಲೆಗೆ ಕೊಂಡರೆ ಲೆಕ್ಕ ಸಾವಿರ ಡಾಲರ್ ದಾಟುತ್ತದೆ. ಉಚಿತ ಆಟ!

ಕಾನೂನಿನ ಭಯ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ದುಡ್ಡಿನ ಆಟಗಳನ್ನು ನಿಷೇಧಿಸಿತು. ರಮ್ಮಿ ಹೋಯಿತು, ಫ್ಯಾಂಟಸಿ ಕ್ರಿಕೆಟ್ಟೂ ಹೋಯಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಸೆ ಇರುವ ಆಟ ನಡೆಸಿದರೆ ಅಪರಾಧ. ಇಲ್ಲಿ ಆ ಆಸೆಯೇ ಇಲ್ಲ. ಕಟ್ಟುವುದು ಮಾತ್ರ. ಹಾಗಾಗಿ ಪೂರ್ತಿ ಕಾನೂನುಬದ್ಧ.

ಈ ಆಟ ಹುಟ್ಟಿದ ಕಥೆ ಹೇಳದಿದ್ದರೆ ಮಜಾ ಗೊತ್ತಾಗಲ್ಲ. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿತ್ತು. ಸಾವಿರಾರು ಮನೆ ಸುಟ್ಟವು. ಅದರಲ್ಲಿ ಒಂದು ವಿಲ್ ರೈಟ್ ಎಂಬ ಗೇಮ್ ಮಾಡುವ ಮನುಷ್ಯನದು. ಎಲ್ಲ ಕಳೆದುಕೊಂಡವನು ಚಮಚದಿಂದ ಮಂಚದವರೆಗೆ ಮತ್ತೆ ಒಂದೊಂದೇ ಕೊಳ್ಳಬೇಕಾಯಿತು. ಮನುಷ್ಯನಿಗೆ ಏನೇನು ಬೇಕು, ಯಾಕೆ ಬೇಕು ಅಂತ ತಲೆಗೆ ಹುಳ ಬಿಟ್ಟುಕೊಂಡ. ಗೊಂಬೆಮನೆಯಂಥ ಆಟ ಮಾಡುತ್ತೇನೆ ಅಂದಾಗ ಅವನ ಸಂಸ್ಥೆಯೊಳಗೆ ಹೆಚ್ಚಿನವರಿಗೆ ರುಚಿಸಲಿಲ್ಲ. ಕೊನೆಗೆ ಮೊದಲ 'ಸಿಮ್ಸ್' ಆಟ 2000ದ ಫೆಬ್ರವರಿಯಲ್ಲಿ ಬಂತು, ಕೋಟಿಗಟ್ಟಲೆ ಮಾರಾಟವಾಯಿತು. ಅಮೆರಿಕದ ಕೊಳ್ಳುಬಾಕತನವನ್ನು ಗೇಲಿ ಮಾಡೋಕೆ ಈ ಆಟ ಮಾಡಿದೆ ಎಂದು ಅವನೇ ಹೇಳಿದ್ದ. ಸಾಮಾನು ಹೆಚ್ಚಿದಷ್ಟೂ ಅವು ಕೆಡುತ್ತವೆ, ರಿಪೇರಿ ಮಾಡುತ್ತಾ ಕೂರಬೇಕು, ಕೊನೆಗೆ ಸಾಮಾನೇ ನಿಮ್ಮನ್ನು ಸಾಕಿಕೊಳ್ಳುತ್ತದೆ. ಇದು ಅವನ ಕುಹಕ.

ಕಂಪನಿಯವರು ಕುಹಕವನ್ನು ಶ್ರದ್ಧೆಯಿಂದ ಕೇಳಿಸಿಕೊಂಡರು. ಕೇಳಿಸಿಕೊಂಡು ಅಂಗಡಿ ತೆಗೆದರು.

ಸರಿ, ಆಟಕ್ಕೆ ಬರೋಣ. ಮೊದಲು ಸಿಮ್ ಅನ್ನು, ಅಂದರೆ ಆಟದೊಳಗಿನ ನಿಮ್ಮ ಮನುಷ್ಯನನ್ನು, ಸೃಷ್ಟಿ ಮಾಡಬೇಕು. ಮೂಗು, ಗದ್ದ, ಹೊಟ್ಟೆ ಎಲ್ಲ ನಿಮ್ಮಿಷ್ಟ. ಮೂರು ಸ್ವಭಾವ ಆರಿಸಿಕೊಳ್ಳಿ. ಹೊಸಬರು ಇಲ್ಲೇ ಅರ್ಧ ದಿನ ಕಳೆಯುತ್ತಾರೆ, ಪರವಾಗಿಲ್ಲ. ಆದರೆ ಮೊದಲ ಸಲವೇ ಎಂಟು ಜನರ ಕೂಡುಕುಟುಂಬ ಮಾಡಬೇಡಿ. ಒಬ್ಬರನ್ನೇ ಮಾಡಿ. ಎಂಟು ಜನ ಒಟ್ಟಿಗೆ ಟಾಯ್ಲೆಟ್ ಬಾಗಿಲಲ್ಲಿ ಕುಣಿಯುವುದನ್ನು ನೋಡುವ ಶಕ್ತಿ ಹೊಸಬರಿಗೆ ಇರಲ್ಲ. ಸಿಮ್ ಮಾತಾಡುವುದು ಸಿಮ್ಲಿಷ್ ಎಂಬ ಕಟ್ಟುಭಾಷೆ. ಅದು ಯಾರಿಗೂ ಅರ್ಥವಾಗಲ್ಲ, ಹಾಗಾಗಿ ಇಲ್ಲಿ ಕನ್ನಡಿಗರಿಗೆ ವಿಶೇಷ ಅನ್ಯಾಯ ಏನೂ ಆಗಿಲ್ಲ. ಮೆನುವಿನಲ್ಲಿ ಕನ್ನಡ ಇಲ್ಲ ಎಂಬ ಹೋರಾಟ ಬೇಕಾದರೆ ಮಾಡಬಹುದು.

ಕೈಗೆ 20,000 ಸಿಮೋಲಿಯನ್, ಅಂದರೆ ಆಟದ ದುಡ್ಡು, ಕೊಡುತ್ತಾರೆ. ಅದರಲ್ಲಿ ಸೈಟು, ಮನೆ, ಮಂಚ, ಫ್ರಿಜ್ಜು ಎಲ್ಲ ಬರುತ್ತದೆ. ಬೆಂಗಳೂರಿನಿಂದ ಆಡುವವರಿಗೆ ಇಲ್ಲಿ ಸ್ವಲ್ಪ ಕಣ್ಣು ಒದ್ದೆಯಾಗಬಹುದು. ಬ್ರೋಕರ್ ಇಲ್ಲ. ಹತ್ತು ತಿಂಗಳ ಅಡ್ವಾನ್ಸ್ ಇಲ್ಲ. ನೀವು ಮಾಂಸ ತಿನ್ನುತ್ತೀರಾ ಅಂತ ಕೇಳುವ ಓನರ್ ಆಂಟಿ ಇಲ್ಲ. ಗೋಡೆ ಎಳೆದರೆ ಗೋಡೆ, ಅಳಿಸಿದರೆ ಬಯಲು. ಪ್ಲ್ಯಾನ್ ಮಂಜೂರಾತಿ ಯಾರೂ ಕೇಳಲ್ಲ, ಇ-ಖಾತಾ ಬೇಡ, ವಾಸಕ್ಕೆ ಯೋಗ್ಯ ಎಂಬ ಓಸಿ ಪತ್ರ ಇಲ್ಲದಿದ್ದರೂ ಕರೆಂಟ್ ಬರುತ್ತದೆ. ಅಕ್ಕಪಕ್ಕದವರು ಸೆಟ್‌ಬ್ಯಾಕ್ ಬಿಟ್ಟಿಲ್ಲ ಅಂತ ದೂರು ಕೊಡಲ್ಲ. ಬದಲಿಗೆ ಹಣ್ಣಿನ ಕೇಕ್ ಹಿಡಿದುಕೊಂಡು ಮನೆಗೆ ಬರುತ್ತಾರೆ. ಇದನ್ನು ಜೀವನದ ಆಟ ಅನ್ನುತ್ತಾರೆ. ನನ್ನ ಪ್ರಕಾರ ಇದು ಪುರಾಣ.

20,000ವನ್ನೂ ಗೋಡೆಗೇ ಸುರಿಯಬೇಡಿ. ಚಿಕ್ಕ ಮನೆ ಸಾಕು. ಒಳ್ಳೆಯ ಮಂಚಕ್ಕೆ ಖರ್ಚು ಮಾಡಿ, ನಿದ್ದೆ ಬೇಗ ಮುಗಿಯುತ್ತದೆ. ಒಲೆಯ ಮೇಲೆ ಸ್ಮೋಕ್ ಅಲಾರಂ ಹಾಕಿ. ಅಡುಗೆ ಬಾರದ ಸಿಮ್ ಅಗ್ಗದ ಒಲೆ ಹಚ್ಚಿದರೆ ಮನೆಗೆ ಬೆಂಕಿ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಬೆಂಕಿ ಬಿದ್ದಾಗ ಸಿಮ್‌ಗಳೆಲ್ಲ ಓಡಿ ಬಂದು ಬೆಂಕಿಯ ಸುತ್ತ ನಿಂತು ಕೈ ಬೀಸಿ ಕಿರುಚುತ್ತವೆ. ಆರಿಸುವುದು ಹೆಚ್ಚಾಗಿ ನೀವು ಹೇಳಿದ ಮೇಲೆ. ನಮ್ಮ ಬೀದಿಯಲ್ಲೂ ಇಷ್ಟೇ ಅಲ್ವಾ? ಆದರೆ ಸಿಮ್‌ಗಳು ವಿಡಿಯೋ ಮಾಡಲ್ಲ. ಅಷ್ಟರಮಟ್ಟಿಗೆ ಅವು ಮನುಷ್ಯರಿಗಿಂತ ಮೇಲು.

ಫೋನ್ ತೆಗೆದು ಕೆಲಸ ಹುಡುಕಿ. ಬಾಣಸಿಗ, ಚಿತ್ರಕಾರ, ಲೇಖಕ, ಗಗನಯಾತ್ರಿ, ಗುಪ್ತಚರ, ಎಲ್ಲ ಸಿಗುತ್ತದೆ. ಅಪರಾಧಿ ಎಂಬುದೂ ಒಂದು ಉದ್ಯೋಗ, ಅದರಲ್ಲಿ ಬಡ್ತಿಯೂ ಇದೆ. ರೆಸ್ಯೂಮೆ ಬೇಡ, ಇಂಟರ್ವ್ಯೂ ಇಲ್ಲ, ಒತ್ತಿದರೆ ಕೆಲಸ. ಇದನ್ನು ನೋಡಿ ಎಂಜಿನಿಯರಿಂಗ್ ಮುಗಿಸಿದ ಹುಡುಗರು ಕಂಪ್ಯೂಟರ್ ಪರದೆಯನ್ನೇ ನೆಕ್ಕಬಾರದು ಅಂತ ಪೋಷಕರು ಗಮನ ಕೊಡಬೇಕು. ಸಿಮ್ ಅನ್ನು ಅದರ ಪಾಡಿಗೆ ಬಿಟ್ಟರೆ ಅಡುಗೆಮನೆ ಸಿಂಕ್ ಬಿಟ್ಟು ತಟ್ಟೆ ಹಿಡಿದುಕೊಂಡು ಬಚ್ಚಲುಮನೆಗೆ ಹೋಗಿ ತೊಳೆಯುತ್ತದೆ. ಇದಕ್ಕೆ ಕಾರಣ ಹುಡುಕಬೇಡಿ. ಹುಡುಕಿದವರು ಯಾರೂ ನೆಮ್ಮದಿಯಾಗಿಲ್ಲ.

ದುಡ್ಡು ಸಾಲದಿದ್ದರೆ ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿ 'ಮದರ್‌ಲೋಡ್' ಅಂತ ಟೈಪ್ ಮಾಡಿ. 50,000 ಬಂದು ಬೀಳುತ್ತದೆ. ಇದು ಮೋಸ, ಚೀಟ್ ಅಂತಲೇ ಇದರ ಹೆಸರು, ಕಂಪನಿಯವರೇ ಇಟ್ಟಿದ್ದು. ಈ ಆಟದಲ್ಲಿ ಕಾಸು ಕೇಳದೆ ಕೆಲಸ ಮಾಡುವುದು ಈ ಮೋಸ ಒಂದೇ.

ಹಳಬರು ಅನುಭವಿಸಿದ್ದನ್ನೂ ಹೊಸಬರು ತಿಳಿದಿರಬೇಕು. 2014ರಲ್ಲಿ ಆಟ ಬಂದಾಗ ಅದರಲ್ಲಿ ಈಜುಕೊಳ ಇರಲಿಲ್ಲ. ಅಂಬೆಗಾಲಿಡುವ, ತಪ್ಪು ಹೆಜ್ಜೆ ಹಾಕುವ ಮಕ್ಕಳೂ ಇರಲಿಲ್ಲ. ತೊಟ್ಟಿಲಲ್ಲಿದ್ದ ಕೂಸು ನೇರ ಎದ್ದು ಸ್ಕೂಲಿಗೆ ಹೋಗುತ್ತಿತ್ತು. ನಮ್ಮ ಎಲ್‌ಕೆಜಿ ಅಡ್ಮಿಷನ್ನಿನವರು ಕಂಡರೆ ಕೈ ಮುಗಿಯುತ್ತಿದ್ದರು. ಇವೆರಡೂ ಹಿಂದಿನ ಆಟಗಳಲ್ಲಿ ಇದ್ದವೇ. ಈಜುಕೊಳ ಅದೇ ನವೆಂಬರಿನಲ್ಲಿ ಬಂತು. ಪುಟ್ಟ ಮಕ್ಕಳು ಬಂದದ್ದು 2017ರ ಜನವರಿಯಲ್ಲಿ. ಅಲ್ಲಿಯವರೆಗೆ ಆ ಜಗತ್ತಿನಲ್ಲಿ ಯಾರಿಗೂ ಬಾಲ್ಯದ ಮೊದಲ ಭಾಗ ಇರಲಿಲ್ಲ. ಮಕ್ಕಳನ್ನು ಪುಕ್ಕಟೆ ಕೊಟ್ಟರು, ನಿಜ. ಅದೇ ವರ್ಷ ಆ ಮಕ್ಕಳ ಆಟದ ಸಾಮಾನನ್ನು ಬೇರೆ ಮಾರಿದರು.

2022ರಲ್ಲಿ ಮದುವೆ ಪ್ಯಾಕ್ ಬಂತು, 20 ಡಾಲರ್. ಧಾರೆಯ ಹೊತ್ತಿಗೆ ಅತಿಥಿಗಳು ಕೂರುತ್ತಿರಲಿಲ್ಲ. ಕೂರಿ ಅಂದರೂ ಎದ್ದು ಹೋಗುತ್ತಿದ್ದರು. ನಮ್ಮ ಮದುವೆಗಳಲ್ಲೂ ಮುಹೂರ್ತ ಯಾರು ನೋಡುತ್ತಾರೆ ಬಿಡಿ, ಎಲ್ಲರ ಕಣ್ಣು ಮೊದಲ ಪಂಕ್ತಿಯ ಮೇಲೆ. ಆದರೆ ನಮ್ಮಲ್ಲಿ ಅದು ಸ್ವಭಾವ. ಅಲ್ಲಿ ಅದು ಕೆಟ್ಟ ಕೋಡ್. ಅದೇ ವರ್ಷದ ಜುಲೈನಲ್ಲಿ ಹೈಸ್ಕೂಲ್ ಪ್ಯಾಕಿನ ಜೊತೆಗೆ ಬಂದ ಅಪ್‌ಡೇಟ್ ಸಿಮ್‌ಗಳಿಗೆ ಸರಸರನೆ ವಯಸ್ಸಾಗುವಂತೆ ಮಾಡಿತು. ಬೆಳಿಗ್ಗೆ ಹೈಸ್ಕೂಲು, ಸಂಜೆ ಮಂಡಿನೋವು. ಎಷ್ಟೋ ಮನೆಗಳಲ್ಲಿ ಹಿರಿಯರು ಲೈನ್ ಹಚ್ಚಿ ಹೋದರು.

ನಗು ಬರುತ್ತದೆ, ಅಲ್ವಾ? ನನಗೂ ಬರುತ್ತಿತ್ತು. ಈಗ ಬರುತ್ತಿಲ್ಲ. ದುಡ್ಡು ತೆಗೆದುಕೊಂಡು ಕೆಟ್ಟ ಮಾಲು ಕೊಟ್ಟರೆ ಅದಕ್ಕೆ ನಮ್ಮಲ್ಲಿ ಒಂದು ಹೆಸರಿದೆ. ಇಲ್ಲಿ ಅದಕ್ಕೆ 'ತಿಳಿದಿರುವ ಸಮಸ್ಯೆ' ಅಂತ ಪಟ್ಟಿಯಲ್ಲಿ ಸೇರಿಸುತ್ತಾರೆ. ಸಮಸ್ಯೆ ಇದ್ದ ಹಾಗೆಯೇ ಮುಂದಿನ ಪ್ಯಾಕ್ ಮಾರಾಟಕ್ಕೆ ಬರುತ್ತದೆ. ಕೆಟ್ಟದ್ದನ್ನು ಎಷ್ಟೋ ಸಲ ಸರಿ ಮಾಡಿದವರು ಯಾರು? ಮಾಡ್, ಅಂದರೆ ಆಟವನ್ನು ಬದಲಿಸುವ ಕೋಡಿನ ತುಣುಕು, ಬರೆಯುವ ಆಟಗಾರರು. ರಾತ್ರಿ ಕೆಲಸ ಮುಗಿಸಿ ಬಂದು ಕೂತು, ಸಂಬಳ ಇಲ್ಲದೆ. ಬಗ್ ಸರಿಪಡಿಸೋಕೆ ಅಂತಲೇ ಒಂದು ತಂಡ ಕಟ್ಟಿದ್ದೇವೆ ಎಂದು ಕಂಪನಿಯವರು ಹೇಳಿದ್ದು 2024ರ ಮೇ ತಿಂಗಳಲ್ಲಿ. ಆಟ ಬಂದು ಹತ್ತು ವರ್ಷ ಆಗುತ್ತಾ ಬಂದಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ಸುಮಾರು 670 ಜನರನ್ನು ಕೆಲಸದಿಂದ ತೆಗೆಯುತ್ತೇವೆ ಅಂದಿದ್ದರು. ಆಮೇಲೆ 2025ರಲ್ಲಿ ಸಾಲ ಮಾಡಿ ಕಂಪನಿ ಕೊಳ್ಳುವ ಒಪ್ಪಂದ ಆಯಿತು. ಆ 2,000 ಕೋಟಿ ಡಾಲರನ್ನು ತೀರಿಸುವವರು ಯಾರು ಅಂದುಕೊಂಡಿರಿ? ಐದೈದು ಡಾಲರಿನ ಕಿಟ್ ಕೊಳ್ಳುವ ಹದಿನಾರರ ಹುಡುಗಿ. ಅವಳ ಅಪ್ಪನ ಕಾರ್ಡು. ಸಾಕಾಗಿದೆ ಮಾರಾಯ್ರೆ.

ಬೇರೆ ಆಟ ಆಡಿ ಅನ್ನಬಹುದು. ಪ್ಯಾರಡಾಕ್ಸ್ ಸಂಸ್ಥೆ 'ಲೈಫ್ ಬೈ ಯು' ಅಂತ ಒಂದನ್ನು ವರ್ಷಗಟ್ಟಲೆ ಮಾಡಿ, ಬಿಡುಗಡೆಗೆ ಮೊದಲೇ 2024ರ ಜೂನ್‌ನಲ್ಲಿ ಕೈಬಿಟ್ಟಿತು. ಕೊರಿಯಾದ ಕ್ರಾಫ್ಟನ್, ಅದೇ ನಮ್ಮ ಹುಡುಗರು ಮೊಬೈಲಿನಲ್ಲಿ ಆಡುವ ಬಿಜಿಎಂಐ ಎಂಬ ಗುಂಡಿನ ಆಟದ ಕಂಪನಿ, 2025ರ ಮಾರ್ಚ್‌ನಲ್ಲಿ 'ಇನ್‌ಜಾಯ್' ತಂದಿತು. ಚರ್ಮದ ರಂಧ್ರವೂ ಕಾಣುವಷ್ಟು ಚೆನ್ನಾಗಿದೆ. ಅದನ್ನು ನೋಡಬೇಕಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಆ ಕಾರ್ಡಿನ ಬೆಲೆಯಲ್ಲಿ ನಿಜವಾದ ಫ್ರಿಜ್ಜು ಬರುತ್ತದೆ.

ಹಾಗಾಗಿ ಜನ ಇಲ್ಲೇ ಇದ್ದಾರೆ. ನೀವೂ ಬನ್ನಿ. ಮಾಡ್ ಹಾಕಿದ್ದರೆ ಪ್ರತಿ ಅಪ್‌ಡೇಟಿಗೆ ಮುಂಚೆ ತೆಗೆದಿಡಿ, ಸೇವ್ ಫೈಲ್ ಎರಡು ಕಡೆ ಇಟ್ಟುಕೊಳ್ಳಿ. ವಯಸ್ಸಾಗುವುದು ಬೇಡ ಅಂದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು. ನಿಲ್ಲಿಸದಿದ್ದರೆ ಒಂದು ದಿನ ಯಮ ಬರುತ್ತಾನೆ. ಕರಿ ನಿಲುವಂಗಿ ತೊಟ್ಟು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದುಕೊಂಡು. ಮನೆಯವರು ಕಾಲು ಹಿಡಿದು ಬೇಡಿಕೊಂಡರೆ ಒಮ್ಮೊಮ್ಮೆ ಬಿಟ್ಟು ಹೋಗುವುದೂ ಉಂಟು. ಸಾವು ಉಚಿತ ಆಟದಲ್ಲೇ ಇದೆ. ಶವಸಂಸ್ಕಾರದ ಕಾರ್ಯಕ್ರಮ ಮಾಡಬೇಕು, ಉಯಿಲು ಬರೆಯಬೇಕು ಅಂದರೆ ಮಾತ್ರ 2024ರ ಅಕ್ಟೋಬರಿನಲ್ಲಿ ಬಂದ 'ಲೈಫ್ ಆ್ಯಂಡ್ ಡೆತ್' ಪ್ಯಾಕ್ ಬೇಕು. 40 ಡಾಲರ್. ಅಷ್ಟು ದುಡ್ಡು ಇಲ್ಲದವರು ಅಸ್ಥಿಯ ಕಲಶವನ್ನು ಸಿಮ್‌ನ ಜೇಬಿಗೆ ಹಾಕಿಕೊಂಡು ಮಾರನೇ ದಿನ ಕೆಲಸಕ್ಕೆ ಹೋಗಬಹುದು. ವಾಪಸು ಬರುವಾಗ ಅಂಚೆ ಡಬ್ಬಿ ನೋಡೋದು ಮರೆಯಬೇಡಿ. ಕರೆಂಟು ನೀರಿನ ಬಿಲ್ಲು ವಾರಕ್ಕೊಮ್ಮೆ ಬರುತ್ತದೆ, ಅದಕ್ಕೆ ಯಾವ ಪ್ಯಾಕೂ ಕೊಳ್ಳಬೇಕಾಗಿಲ್ಲ.