ಯಾರು ಯಾರನ್ನು ಹೊಡೆದರು, ಕಾಕಾ?

ಕಳೆದ ಭಾನುವಾರ ಬೆಳಗಾವಿಯ ಚಿತ್ರಮಂದಿರವೊಂದರಲ್ಲಿ ತಮ್ಮನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹೊಡೆದಾಟದ ಸಿನಿಮಾ ನೋಡಿದೆ. ಗಾಜು ಒಡೆಯುತ್ತಿತ್ತು, ಜೀಪುಗಳು ಪಲ್ಟಿಯಾಗುತ್ತಿದ್ದವು, ಸದ್ದಿಗೆ ಕುರ್ಚಿಯೇ ನಡುಗುತ್ತಿತ್ತು. ನಟ್ಟನಡುವೆ ಹುಡುಗ ನನ್ನ ತೋಳು ಜಗ್ಗಿ ಕೇಳಿದ: “ಕಾಕಾ, ಈಗ ಯಾರು ಯಾರನ್ನು ಹೊಡೆದರು?” ನನಗೂ ಗೊತ್ತಾಗಿರಲಿಲ್ಲ.

ಜಾತ್ರೆಯ ಕುಸ್ತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಭಾಗದಲ್ಲಿ ಬೆಳೆದವರಿಗೆ ಸೆಣಸಾಟ ನೋಡುವ ಕಣ್ಣು ಬಂದದ್ದೇ ಕೆಂಪು ಮಣ್ಣಿನ ಆ ಕಣದಿಂದ. ಹಲಗೆ ವಾದ್ಯದ ಸದ್ದು ಏರುತ್ತಿರುತ್ತದೆ. ಪೈಲ್ವಾನರಿಬ್ಬರು ಕೈಗೆ ಕೈ ತಾಗಿಸಿ, ಒಬ್ಬರ ಕೊರಳಿಗೆ ಒಬ್ಬರು ಕೈ ಹಾಕಿ, ಹಣೆಗೆ ಹಣೆ ಕೊಟ್ಟು ನಿಲ್ಲುತ್ತಾರೆ. ಆಮೇಲೆ ಎಷ್ಟೋ ಹೊತ್ತು ಏನೂ ನಡೆಯುವುದಿಲ್ಲ. ಆದರೂ ಒಬ್ಬನೂ ಎದ್ದು ಹೋಗುವುದಿಲ್ಲ. ಹಿಂದಿಟ್ಟ ಕಾಲಿನ ಹೆಬ್ಬೆರಳು ಮಣ್ಣಿನಲ್ಲಿ ಹೂತಿರುವುದು ಕಾಣುತ್ತದೆ, ಬೆನ್ನು ಏದುಸಿರಿಗೆ ಏರಿಳಿಯುವುದು ಕಾಣುತ್ತದೆ. ಯಾರ ಕಸುವು ಮೊದಲು ಇಳಿಯುತ್ತಿದೆ ಎಂಬುದು ದೂರದಲ್ಲಿ ಕುಳಿತ ಅಜ್ಜನಿಗೂ ತಿಳಿಯುತ್ತದೆ.

ಒಳ್ಳೆಯ ಸಾಹಸ ದೃಶ್ಯದಿಂದ ನಾನು ಬಯಸುವುದು ಇದನ್ನೇ. ಮೈ ಕಾಣಬೇಕು, ದಣಿವು ಕಾಣಬೇಕು.

ಕೊರಿಯಾದ ‘ಓಲ್ಡ್‌ಬಾಯ್’ (2003) ಚಿತ್ರದ ಕಾರಿಡಾರ್ ಕಾಳಗವನ್ನು ನೋಡಿ. ನಾಯಕನ ಕೈಯಲ್ಲಿ ಸುತ್ತಿಗೆ, ಬೆನ್ನಿನಲ್ಲಿ ನಾಟಿದ ಚಾಕು. ದೃಶ್ಯವನ್ನು ಎಲ್ಲಿಯೂ ಕತ್ತರಿಸದೆ ಕ್ಯಾಮೆರಾ ಪಕ್ಕದಲ್ಲೇ ಸಾಗುತ್ತದೆ. 2015ರ ‘ಡೇರ್‌ಡೆವಿಲ್’ ಧಾರಾವಾಹಿಯ ಎರಡನೆಯ ಕಂತಿನಲ್ಲಿಯೂ ಅಂಥದೇ ಕಾರಿಡಾರ್ ಇದೆ. ಅಪಹರಣಕ್ಕೊಳಗಾದ ಒಬ್ಬ ಹುಡುಗನಿಗಾಗಿ ಮುಸುಕಿನ ನಾಯಕ ಹೊಡೆಯುತ್ತಾನೆ, ಗೋಡೆಗೆ ಒರಗುತ್ತಾನೆ, ತಡವರಿಸುತ್ತಾನೆ. ಬಿದ್ದವರು ಮತ್ತೆ ಎದ್ದು ಬರುತ್ತಾರೆ. ಕೊನೆಗೆ ಮಗುವನ್ನು ಎತ್ತಿಕೊಂಡು ಅವನು ಹೊರನಡೆಯುವಾಗ ನನ್ನ ಭುಜಗಳೂ ಸೋತಿದ್ದವು. ಇಪ್ಪತ್ತು ಜನರನ್ನು ಗಾಳಿಗೆ ತೂರಿದರೂ ಅಂಗಿ ಮುದುಡದ ನಾಯಕನಿಂದ ಇದು ಸಾಧ್ಯವೇ ಇಲ್ಲ.

ದೃಶ್ಯಕ್ಕೆ ಪದೇಪದೇ ಕತ್ತರಿ ಹಾಕಿ ಜೋಡಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಚಿತ್ರದ ದೃಶ್ಯಗಳು ಮಿಂಚಿನಂತೆ ಬದಲಾಗುತ್ತವೆ. ಆದರೆ ನೋಡಬೇಕಾದದ್ದನ್ನು ಪರದೆಯ ನಡುವೆಯೇ ಇಟ್ಟಿದ್ದರಿಂದ ಕಣ್ಣು ಅಲೆಯುವುದಿಲ್ಲ. ಸಂಕಲನಕಾರ್ತಿ ಮಾರ್ಗರೆಟ್ ಸಿಕ್ಸೆಲ್ ಅವರಿಗೆ ಆಸ್ಕರ್ ಸುಮ್ಮನೆ ಬರಲಿಲ್ಲ.

ಮೈ ಕಾಣಬೇಕು ಎಂದು ಬರೆಯುವಾಗಲೆಲ್ಲ ನನಗೆ ಒಂದು ಅಳುಕು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ಜಿಗಿದ ಇಬ್ಬರು ನಟರು ಮುಳುಗಿ ಸತ್ತರು. ನಾನು ಕೇಳುತ್ತಿರುವ ನಿಜ ಅದಲ್ಲ. ಪೈಲ್ವಾನ ಜಾತ್ರೆಗೆ ಮುಂಚೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾನೆ, ಬೀಳುವುದನ್ನೂ ಕಲಿಯುತ್ತಾನೆ. ಎರಡು ನಿಮಿಷದ ದೃಶ್ಯಕ್ಕೆ ಎರಡು ವಾರದ ತಾಲೀಮು, ಹಗ್ಗ, ಲೈಫ್ ಜಾಕೆಟ್, ಪಕ್ಕದಲ್ಲಿ ಸಿದ್ಧವಾದ ದೋಣಿ ಬೇಕೆಂದು ಸಾಹಸ ನಿರ್ದೇಶಕ ಕೇಳಿದರೆ, ನಿರ್ಮಾಪಕರು ದಯವಿಟ್ಟು ಇಲ್ಲವೆನ್ನಬೇಡಿ.