ಯಾರೂ ಊಹಿಸಿರಲಿಲ್ಲ, ಪಾಪ!

ಅಮೆರಿಕದಲ್ಲಿ ಹರಿಕೇನ್, ಅಂದ್ರೆ ಚಂಡಮಾರುತ, ಯಾವ ದಡಕ್ಕೆ ಬಂದೀತು ಅಂತ ನಾಲ್ಕೈದು ದಿನ ಮೊದಲೇ ನಕ್ಷೆ ಬಿಡಿಸಿ ಕೊಡುತ್ತಾರೆ. ಗಾಳಿ ಹಿಡಿಯಬಹುದಾದ ದಾರಿ ತೋರಿಸುವ ಒಂದು ಕೋನ್ ನಕ್ಷೆಯಲ್ಲಿರುತ್ತದೆ. ಮೂರರಲ್ಲಿ ಎರಡು ಸಲ ಗಾಳಿಯ ಕಣ್ಣು, ಅಂದ್ರೆ ಅದರ ನಡುಭಾಗ, ಕೋನಿನೊಳಗೇ ಸಾಗುತ್ತದೆ. ಊರು ಮುಳುಗಿದ ಮೇಲೆ ಬರುವ ಹೇಳಿಕೆಗೆ ಮಾತ್ರ ಯಾವ ಕೋನೂ ಬೇಡ: 'ಇದನ್ನು ಯಾರೂ ಊಹಿಸಿರಲಿಲ್ಲ.'

ನ್ಯೂ ಆರ್ಲಿಯನ್ಸ್ ಕಥೆ ನೋಡಿ. ಊರಿನ ಅರ್ಧದಷ್ಟು ಜಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. 2004ರ ಜುಲೈನಲ್ಲಿ ಅಧಿಕಾರಿಗಳು ಐದು ದಿನ ಕೂತು, 'ಪ್ಯಾಮ್' ಅಂತ ಹೆಸರಿಟ್ಟ ಕಾಲ್ಪನಿಕ ಚಂಡಮಾರುತವನ್ನು ಆ ಊರಿನ ಮೇಲೆ ಹಾಯಿಸಿದರು. ತಡೆಗೋಡೆ ದಾಟಿ ನೀರು ನುಗ್ಗಿತು, ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಎಲ್ಲ ಕಾಗದದ ಮೇಲೆ. ಕಾಗದ ಒದ್ದೆಯಾಗಲಿಲ್ಲ.

13 ತಿಂಗಳಿಗೆ ನಿಜವಾದ ಚಂಡಮಾರುತ ಕತ್ರಿನಾ ಬಂತು. ಶನಿವಾರ ರಾತ್ರಿ ಹರಿಕೇನ್ ಕೇಂದ್ರದ ಮುಖ್ಯಸ್ಥ ಮ್ಯಾಕ್ಸ್ ಮೇಫೀಲ್ಡ್ ತಾವೇ ಮೇಯರ್‌ಗೆ ಫೋನ್ ಮಾಡಿದರು. ಊರು ಬಿಡಲೇಬೇಕು ಅನ್ನುವ ಆದೇಶ ಹೊರಟಿದ್ದು ಭಾನುವಾರ ಬೆಳಿಗ್ಗೆ. ಸೋಮವಾರ ಬೆಳಿಗ್ಗೆ ಗಾಳಿಯೇ ಬಂತು. ಊರಿನ ಶೇ. 80 ಭಾಗ ನೀರಿನಡಿ. ಕಾರಿಲ್ಲದವರನ್ನು ಸಾಗಿಸಬಹುದಿತ್ತಲ್ಲ, ಆ ಹಳದಿ ಸ್ಕೂಲ್ ಬಸ್ಸುಗಳು? ಪಾರ್ಕಿಂಗ್ ಜಾಗದಲ್ಲೇ ನೀಟಾಗಿ ಸಾಲು ಹಿಡಿದು ಮುಳುಗಿದ್ದವು. ಒಂದೂ ಸಾಲು ತಪ್ಪಿರಲಿಲ್ಲ. ಶಿಸ್ತು ಅಂದ್ರೆ ಅದು! ಗುರುವಾರ ಅಧ್ಯಕ್ಷ ಬುಷ್ ಟಿವಿಗೆ ಬಂದು, ತಡೆಗೋಡೆ ಒಡೆಯುತ್ತದೆ ಅಂತ ಯಾರೂ ಎಣಿಸಿರಲಿಕ್ಕಿಲ್ಲ ಎಂದರು.

ಇದಕ್ಕೆ ಹಳೇ ವಂಶಾವಳಿಯೇ ಇದೆ. ಟೆಕ್ಸಾಸ್ ಕರಾವಳಿಯ ಗಾಲ್ವೆಸ್ಟನ್ ಊರಿಗೆ ಚಂಡಮಾರುತದಿಂದ ದೊಡ್ಡ ಹಾನಿ ಅನ್ನೋದೇ ಭ್ರಮೆ ಅಂತ 1891ರಲ್ಲಿ ಬರೆದವರು ಅಲ್ಲಿನ ಹವಾಮಾನ ಅಧಿಕಾರಿಯೇ, ಐಸಾಕ್ ಕ್ಲೈನ್. 1900ರಲ್ಲಿ ಅಲ್ಲಿ ಚಂಡಮಾರುತಕ್ಕೆ ಸಾವಿರಾರು ಜನ ಸತ್ತರು. ಸಮುದ್ರದ ಗೋಡೆ ಕಟ್ಟಿದ್ದು ಆಮೇಲೆ.

ನಾರ್ತ್ ಕ್ಯಾರೊಲಿನಾ ಇನ್ನೂ ಜಾಣ ರಾಜ್ಯ. ಸಮುದ್ರ ಎಷ್ಟು ಬೇಗ ಏರೀತು ಅನ್ನುವ ಅಂದಾಜು ಹಿಡಿದು 2016ರವರೆಗೆ ನಿಯಮ ಮಾಡಬೇಡಿ ಅಂತ 2012ರಲ್ಲಿ ಕಾನೂನನ್ನೇ ತಂದರು. ಸಮುದ್ರಕ್ಕೆ ನಾಲ್ಕು ವರ್ಷದ ವಾಯಿದೆ! ಅದಕ್ಕೆ ನೋಟಿಸ್ ತಲುಪಿಸಿದವರು ಯಾರೋ ಗೊತ್ತಿಲ್ಲ.

2019ರಲ್ಲಿ ಮಾತ್ರ ಎಲ್ಲ ಉಲ್ಟಾ ಆಯಿತು. ಡೋರಿಯನ್ ಚಂಡಮಾರುತ ಅಲಬಾಮಾ ರಾಜ್ಯಕ್ಕೂ ಹೊಡೆಯುತ್ತದೆ ಅಂತ ಅಧ್ಯಕ್ಷ ಟ್ರಂಪ್ ಹೇಳಿದರು. ಇಲ್ಲ, ಇಲ್ಲಿಗೇನೂ ಆಗೋದಿಲ್ಲ ಎಂದಿತು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ಹವಾಮಾನ ಕಚೇರಿ. ಮುಂದೆ ಶ್ವೇತಭವನದಲ್ಲಿ ತೋರಿಸಿದ ನಕ್ಷೆಯಲ್ಲಿ ಕೋನ್‌ಗೆ ಕಪ್ಪು ಮಾರ್ಕರಿನಿಂದ ಒಂದು ಗೂನು ಮೂಡಿತ್ತು. ಗೂನು ಸರಿಯಾಗಿ ಅಲಬಾಮಾ ಕಡೆಗೇ ಇತ್ತು ಅನ್ನಿ. ಡೋರಿಯನ್ ಆ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಕೆಲವೇ ದಿನಕ್ಕೆ ಮೇಲಿನ ಇಲಾಖೆಯಿಂದ ಸಹಿಯೇ ಇಲ್ಲದ ಒಂದು ಹೇಳಿಕೆ ಬಂತು. ಬೈಸಿಕೊಂಡಿದ್ದು ಬರ್ಮಿಂಗ್‌ಹ್ಯಾಮ್ ಕಚೇರಿ. ಅಷ್ಟು ಖಡಾಖಂಡಿತವಾಗಿ ಹೇಳಬಾರದಿತ್ತಂತೆ.